ನಿಮ್ಮ ಪಾಡ್‌ಕಾಸ್ಟ್‌ನ ಫೀಡ್ ಯಾರ ಕೈಲಿದೆ?

ಪಾಡ್‌ಕಾಸ್ಟ್ (ಇಂಟರ್ನೆಟ್‌ನಲ್ಲಿ ಕಂತುಕಂತಾಗಿ ಬರುವ ಆಡಿಯೋ ಕಾರ್ಯಕ್ರಮ) ಶುರು ಮಾಡಬೇಕು ಅಂದುಕೊಂಡವರೆಲ್ಲ ಮೊದಲು ಕೇಳೋದು ಮೈಕ್ ಬಗ್ಗೆ. ಯಾವುದು ತಗೊಳ್ಳಲಿ, ಯಾವ ಕಂಪನಿಯದು ಒಳ್ಳೇದು, ಫೋನ್‌ನಲ್ಲೇ ರೆಕಾರ್ಡ್ ಮಾಡಿದರೆ ನಡೆಯುತ್ತಾ? ಕೇಳಬೇಕಾದ ಪ್ರಶ್ನೆಗಳೇ. ಕೆಳಗೆ ಅದರ ಬಗ್ಗೆಯೂ ಬರೆದಿದ್ದೇನೆ. ಆದರೆ ಮೈಕ್ ಚೆನ್ನಾಗಿಲ್ಲ ಅನ್ನಿಸಿದರೆ ನಾಳೆ ಬೇರೆ ತಗೊಳ್ಳಬಹುದು, ಕೇಳುಗರಿಗೆ ಗೊತ್ತೂ ಆಗುವುದಿಲ್ಲ. ಹೊಸ ಎಪಿಸೋಡ್ ಬಂದಿದೆ ಅಂತ ಕೇಳುಗರ ಆ್ಯಪ್‌ಗೆ ತಿಳಿಸುವ ಫೀಡ್ ಹಾಗಲ್ಲ. ಒಂದು ಸಲ ಜನ ಸಬ್‌ಸ್ಕ್ರೈಬ್ ಆದ ಮೇಲೆ ನಿಮಗೂ ಅವರಿಗೂ ಇರುವ ನಂಟೆಲ್ಲ ಆ ಫೀಡ್‌ನ ವಿಳಾಸದಲ್ಲೇ ಇರುತ್ತದೆ. ಅದು ಕೈತಪ್ಪಿದರೆ ಕೇಳುಗರೂ ಕೈತಪ್ಪುತ್ತಾರೆ. ಇದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಫೀಡ್ ಅಂದರೆ ಬರೀ ಅಕ್ಷರಗಳಿರುವ ಒಂದು ಫೈಲ್. ಯಾವುದೋ ಸರ್ವರ್‌ನಲ್ಲಿ ಇರುತ್ತದೆ, ಅದಕ್ಕೊಂದು ವಿಳಾಸ ಇರುತ್ತದೆ. ಆ ಫೈಲನ್ನು ಬರೆಯುವ ಕ್ರಮಕ್ಕೆ ಆರ್‌ಎಸ್‌ಎಸ್ ಅಂತ ಹೆಸರು. ಬ್ರೌಸರ್‌ನಲ್ಲಿ ತೆರೆದು ನೋಡಿದರೆ ಮೊದಲು ಬರೀ ಚಿಹ್ನೆಗಳೇ ಕಣ್ಣಿಗೆ ಬೀಳುತ್ತವೆ, ಸ್ವಲ್ಪ ಕಣ್ಣಾಡಿಸಿದರೆ ಎಲ್ಲ ಅರ್ಥವಾಗುತ್ತದೆ. ಮೇಲ್ಗಡೆ ಪಾಡ್‌ಕಾಸ್ಟ್‌ನ ಹೆಸರು, ಯಾವ ಭಾಷೆ, ಯಾವುದರ ಬಗ್ಗೆ, ಮುಖಚಿತ್ರ ಎಲ್ಲಿದೆ ಅನ್ನೋ ವಿವರ. ಅದರ ಕೆಳಗೆ ಒಂದೊಂದು ಎಪಿಸೋಡ್‌ಗೂ ‘ಐಟಂ’ ಅಂತ ಒಂದೊಂದು ತುಂಡು. ಆ ತುಂಡಿನಲ್ಲಿ ಶೀರ್ಷಿಕೆ, ಹೊರಬಂದ ದಿನಾಂಕ, ಸಮಯ, ಆ ಎಪಿಸೋಡ್‌ಗೆ ಮಾತ್ರ ಸೇರಿದ ಒಂದು ಗುರುತು, ಕೊನೆಗೆ ‘ಎನ್‌ಕ್ಲೋಷರ್’ ಅನ್ನೋ ಒಂದು ಸಾಲು. ಇಡೀ ಪಾಡ್‌ಕಾಸ್ಟ್ ನಿಂತಿರುವುದು ಆ ಒಂದು ಸಾಲಿನ ಮೇಲೆ. ಅದರಲ್ಲಿ ಮೂರೇ ವಿಷಯ ಇರುತ್ತವೆ: ಆಡಿಯೋ ಫೈಲ್ ಎಲ್ಲಿದೆ, ಎಷ್ಟು ಬೈಟ್ ಇದೆ, ಯಾವ ಬಗೆಯದು. ಆಡಿಯೋ ಫೀಡ್‌ನೊಳಗೆ ಇರುವುದಿಲ್ಲ. ಅದು ಬೇರೆ ಕಡೆ ಇರುತ್ತದೆ, ಫೀಡ್ ಅದರತ್ತ ಬೆರಳು ತೋರಿಸುತ್ತದೆ ಅಷ್ಟೇ.

ಈಗ ನೀವು ಆ್ಯಪ್‌ನಲ್ಲಿ ಸಬ್‌ಸ್ಕ್ರೈಬ್ ಒತ್ತುತ್ತೀರಿ ಅಂದುಕೊಳ್ಳಿ. (ಕೆಲವು ಆ್ಯಪ್‌ಗಳಲ್ಲಿ ಫಾಲೋ ಅಂತ ಇರುತ್ತದೆ. ಸಬ್‌ಸ್ಕ್ರೈಬ್ ಅಂದರೆ ದುಡ್ಡು ಕೊಡಬೇಕೇನೋ ಅಂತ ಜನ ಹಿಂಜರಿಯುತ್ತಾರೆ. ಆಪಲ್ 2021ರಲ್ಲಿ ಬಟನ್‌ನ ಹೆಸರನ್ನೇ ಬದಲಾಯಿಸಿತು.) ಒತ್ತಿದಾಗ ಆಗುವುದು ಇಷ್ಟೇ: ಆ್ಯಪ್ ಆ ಫೀಡ್‌ನ ವಿಳಾಸ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಆಗಾಗ ಆ್ಯಪ್, ಇಲ್ಲವೇ ಆ್ಯಪ್‌ನವರ ಸರ್ವರ್, ಆ ವಿಳಾಸಕ್ಕೆ ಹೋಗಿ ‘ಹೋದ ಸಲ ನಾನು ನೋಡಿದ ಮೇಲೆ ಏನಾದರೂ ಬದಲಾಗಿದೆಯಾ’ ಅಂತ ಕೇಳುತ್ತದೆ. ಏನೂ ಬದಲಾಗಿಲ್ಲ ಅಂದರೆ ಸರ್ವರ್ 304 ಅನ್ನೋ ಸಂಖ್ಯೆ ಕಳಿಸಿ ಸುಮ್ಮನಾಗುತ್ತದೆ, ಫೈಲ್ ಪೂರ್ತಿ ಕಳಿಸುವ ಗೋಜಿಗೆ ಹೋಗುವುದಿಲ್ಲ. ಬದಲಾಗಿದ್ದರೆ ಆ್ಯಪ್ ಪೂರ್ತಿ ಫೀಡ್ ತಂದು, ಒಂದೊಂದು ಐಟಂನ ಗುರುತನ್ನೂ ತನ್ನ ಹತ್ತಿರ ಇರುವ ಪಟ್ಟಿಯ ಜತೆ ಹೋಲಿಸಿ, ಹೊಸ ಗುರುತು ಕಂಡರೆ ಹೊಸ ಎಪಿಸೋಡ್ ಬಂದಿದೆ ಅಂತ ನಿಮಗೆ ತಿಳಿಸುತ್ತದೆ, ನೀವು ಹಾಗೆ ಹೇಳಿಟ್ಟಿದ್ದರೆ ಡೌನ್‌ಲೋಡ್ ಕೂಡ ಮಾಡಿಡುತ್ತದೆ. ಈ ಗುರುತನ್ನು ಆಮೇಲೆ ಮುಟ್ಟಲೇಬಾರದು. ಬದಲಾಯಿಸಿದರೆ ಹಳೇ ಎಪಿಸೋಡ್‌ಗಳೆಲ್ಲ ಹೊಸದಾಗಿ ಬಂದ ಹಾಗೆ ಕೇಳುಗರ ಫೋನ್‌ನಲ್ಲಿ ಒಟ್ಟಿಗೇ ಬಂದು ಬೀಳುತ್ತವೆ.

ಇಷ್ಟೆಲ್ಲ ನಡೆಯುವಾಗ ಪಾಡ್‌ಕಾಸ್ಟ್ ಮಾಡಿದವರಿಗೆ ನೀವು ಯಾರು ಅಂತ ಗೊತ್ತಾಗುವುದಿಲ್ಲ. ಹೆಸರು ಕೊಡಬೇಕಾಗಿಲ್ಲ, ಇಮೇಲ್ ಕೊಡಬೇಕಾಗಿಲ್ಲ, ಅವರ ಹತ್ತಿರ ಅಕೌಂಟ್ ತೆರೆಯಬೇಕಾಗಿಲ್ಲ. ಅವರು ಹಾಕಿದ್ದು ಹಾಕಿದ ಕ್ರಮದಲ್ಲೇ ನಿಮಗೆ ಸಿಗುತ್ತದೆ. ಇವತ್ತು ಇದನ್ನು ತೋರಿಸೋಣ, ಅದನ್ನು ಕೆಳಕ್ಕೆ ತಳ್ಳೋಣ ಅಂತ ನಡುವೆ ಕೂತು ತೀರ್ಮಾನಿಸುವವರು ಯಾರೂ ಇಲ್ಲ. ಇವತ್ತಿನ ಇಂಟರ್ನೆಟ್‌ನಲ್ಲಿ ಇಂಥದ್ದು ಎಷ್ಟು ಕಮ್ಮಿ ಉಳಿದಿದೆ ಅಂತ ಯೋಚಿಸಿ ನೋಡಿ. ಪಾಡ್‌ಕಾಸ್ಟ್ ಅಂದರೆ ನನಗೆ ಇಷ್ಟೊಂದು ಪ್ರೀತಿ ಇರುವುದಕ್ಕೆ ಇದೇ ಕಾರಣ.

ಇದು ತಾನಾಗಿ ಆದದ್ದಲ್ಲ. 2000ದಲ್ಲಿ ಆ್ಯಡಂ ಕರಿ (ಅದಕ್ಕೂ ಹಿಂದೆ ಎಂಟಿವಿ ಅನ್ನೋ ಸಂಗೀತ ಚಾನೆಲ್‌ನಲ್ಲಿ ನಿರೂಪಕರಾಗಿದ್ದವರು), ಸಾಫ್ಟ್‌ವೇರ್ ಬರೆಯುತ್ತಿದ್ದ ಡೇವ್ ವೈನರ್ ಹತ್ತಿರ ಒಂದು ವಿಚಾರ ಹೇಳಿದರು. ಆಗ ಇಂಟರ್ನೆಟ್ ಬಹಳ ನಿಧಾನ. ಲಿಂಕ್ ಒತ್ತಿ ಆಡಿಯೋ ಬರಲಿ ಅಂತ ಕಾಯುತ್ತಾ ಕೂರುವ ಬದಲು, ಕಂಪ್ಯೂಟರ್ ಸುಮ್ನೆ ಇರುವ ಹೊತ್ತಿನಲ್ಲಿ ಅದೇ ತಂದಿಟ್ಟುಕೊಂಡಿರಲಿ, ನಾವು ಬಂದಾಗ ಕೇಳೋಕೆ ರೆಡಿ ಇರಲಿ ಅನ್ನೋದು ಆ ವಿಚಾರ. ಅದೇ ಹೊತ್ತಿಗೆ ಟ್ರಿಸ್ಟನ್ ಲೂಯಿ ಅನ್ನುವವರೂ ಇಂಥದ್ದೇ ಸಲಹೆ ಬರೆದಿದ್ದರು. ಆ ವರ್ಷದ ಡಿಸೆಂಬರ್‌ನಲ್ಲಿ ವೈನರ್ ಹೊರತಂದ ಆರ್‌ಎಸ್‌ಎಸ್ 0.92ರಲ್ಲಿ ಮೇಲೆ ಹೇಳಿದ ಎನ್‌ಕ್ಲೋಷರ್ ಸಾಲು ಬಂತು. 2004ರಲ್ಲಿ ಕರಿ ಅವರೇ ಫೀಡ್‌ನಿಂದ ಆಡಿಯೋ ತೆಗೆದು ಐಪಾಡ್‌ಗೆ (ಹಾಡು ಕೇಳಲು ಆಪಲ್ ಮಾಡುತ್ತಿದ್ದ ಪುಟ್ಟ ಸಾಧನ) ಹಾಕುವ ಪುಟ್ಟ ಪ್ರೋಗ್ರಾಂ ಬರೆದರು. 2005ರ ಜೂನ್‌ನಲ್ಲಿ ಆಪಲ್ ಹಾಡು ಕೇಳುವ ತನ್ನ ಸಾಫ್ಟ್‌ವೇರ್ ಐಟ್ಯೂನ್ಸ್ 4.9ರಲ್ಲಿ ಪಾಡ್‌ಕಾಸ್ಟ್‌ಗೆ ಜಾಗ ಕೊಟ್ಟಿತು. ಎರಡೇ ದಿನದಲ್ಲಿ 10 ಲಕ್ಷಕ್ಕೂ ಜಾಸ್ತಿ ಸಬ್‌ಸ್ಕ್ರಿಪ್ಷನ್ ಬಂದವು.

ಆಗ ಆಪಲ್ ಮಾಡಿದ ಒಂದು ಒಳ್ಳೇ ಕೆಲಸ ಏನೆಂದರೆ, ಆಡಿಯೋ ಫೈಲ್‌ಗಳನ್ನು ತನ್ನ ಹತ್ತಿರ ಇಟ್ಟುಕೊಳ್ಳಲಿಲ್ಲ. ಅವರ ಪಟ್ಟಿಯಲ್ಲಿ ಇದ್ದದ್ದು ಫೀಡ್‌ಗಳ ವಿಳಾಸ, ವಿವರ ಅಷ್ಟೇ. ಆ ಪಟ್ಟಿಯನ್ನು ಬೇರೆ ಆ್ಯಪ್‌ಗಳೂ ಹುಡುಕಾಟಕ್ಕೆ ಬಳಸಿಕೊಂಡವು. ಹಾಗಂತ ಎಲ್ಲರೂ ಒಂದೇ ಕಂಪನಿಯ ಪಟ್ಟಿ ನಂಬಿಕೊಂಡಿರುವುದು ಒಳ್ಳೇದಲ್ಲ ಅಲ್ವಾ? 2020ರಲ್ಲಿ ಇದೇ ಆ್ಯಡಂ ಕರಿ, ಡೇವ್ ಜೋನ್ಸ್ ಜತೆ ಸೇರಿ ಪಾಡ್‌ಕಾಸ್ಟ್ ಇಂಡೆಕ್ಸ್ ಅನ್ನೋ ಮುಕ್ತ ಪಟ್ಟಿ ಶುರು ಮಾಡಿದರು. ಈಗ ಎಷ್ಟೋ ಚಿಕ್ಕ ಆ್ಯಪ್‌ಗಳು ಅದನ್ನೇ ಬಳಸುತ್ತವೆ.

ಸರಿ, ಈಗ ರೆಕಾರ್ಡಿಂಗ್ ವಿಷಯ.

ಮೈಕ್‌ಗಿಂತ ಕೋಣೆ ಮುಖ್ಯ. ಎಷ್ಟು ಒಳ್ಳೇ ಮೈಕ್ ಇದ್ದರೂ ಬರೀ ಗೋಡೆ, ಬರೀ ನೆಲ ಇರುವ ಕೋಣೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಪೈಪಿನೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ಎಡಿಟ್ ಮಾಡುವಾಗ ಅದನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ. ಬಟ್ಟೆ, ಪುಸ್ತಕ, ಹಾಸಿಗೆ, ದಪ್ಪ ಪರದೆ ತುಂಬಿದ ಚಿಕ್ಕ ಕೋಣೆ ಹುಡುಕಿಕೊಳ್ಳಿ. ಫ್ಯಾನ್ ಆಫ್ ಮಾಡಿ. ಕಂಡೆನ್ಸರ್ ಮೈಕ್ ಸಣ್ಣ ಸದ್ದನ್ನೂ ಹಿಡಿಯುತ್ತದೆ. ಸ್ಟುಡಿಯೋದಂಥ ಜಾಗ ಇದ್ದರೆ ಅದು ಒಳ್ಳೇದು, ಇಲ್ಲದಿದ್ದರೆ ಡೈನಮಿಕ್ ಮೈಕ್ ಸಾಕು, ಹತ್ತಿರದ ದನಿ ಬಿಟ್ಟು ಉಳಿದದ್ದನ್ನು ಅದು ಅಷ್ಟಾಗಿ ಎತ್ತಿಕೊಳ್ಳುವುದಿಲ್ಲ. ಬಾಯಿಗೂ ಮೈಕ್‌ಗೂ ನಡುವೆ ನಾಲ್ಕು ಬೆರಳಿನಿಂದ ಒಂದು ಗೇಣು ಅಂತರ ಇರಲಿ. ತೀರಾ ಹತ್ತಿರ ಹೋದರೆ ದನಿ ಗಡುಸಾಗಿ ದಪ್ಪಗಾಗುತ್ತದೆ, ದೂರ ಹೋದರೆ ಕೋಣೆಯೇ ಜಾಸ್ತಿ ಕೇಳಿಸುತ್ತದೆ. ನೇರ ಮೈಕ್‌ನ ಮೂತಿಗೆ ಮಾತಾಡಬೇಡಿ, ಸ್ವಲ್ಪ ಪಕ್ಕಕ್ಕಿಟ್ಟು ಮಾತಾಡಿ. ‘ಫ’, ‘ಭ’ ಬಂದಾಗ ಬಾಯಿಂದ ಹೊರಡುವ ಗಾಳಿ ಮೈಕ್‌ಗೆ ಹೊಡೆದು ಡಬ್ ಅನ್ನೋ ಸದ್ದು ಬರುವುದು ಅದರಿಂದ ತಪ್ಪುತ್ತದೆ.

ರೆಕಾರ್ಡ್ ಮಾಡುವಾಗ ದನಿಯ ಮಟ್ಟ ಜಾಸ್ತಿ ಇಟ್ಟುಕೊಳ್ಳಬೇಡಿ. ಜೋರಾಗಿ ನಕ್ಕಾಗಲೂ ಮೀಟರ್ ಮೈನಸ್ 6 ಡೆಸಿಬೆಲ್ ಆಸುಪಾಸು ನಿಂತರೆ ಒಳ್ಳೇದು. ಮೀಟರ್‌ನ ತುದಿಯಾದ ಸೊನ್ನೆ ಮುಟ್ಟಿ ಒಡೆದ ದನಿಯನ್ನು ಆಮೇಲೆ ಸರಿಮಾಡುವುದು ಕಷ್ಟ, ಕಮ್ಮಿ ಇದ್ದದ್ದನ್ನು ಆರಾಮಾಗಿ ಏರಿಸಬಹುದು. ರೆಕಾರ್ಡ್ ಮಾಡುವಾಗ ದನಿಯನ್ನು ಹಿಂಡದೆ ಇಡುವ ವೇವ್ ಫೈಲ್‌ನಲ್ಲೇ ಮಾಡಿ, ಹಿಂಡಿ ಚಿಕ್ಕದಾಗಿಸುವ ಎಂಪಿ3 ಮಾಡುವುದು ಎಡಿಟಿಂಗ್ ಎಲ್ಲ ಮುಗಿದ ಮೇಲೆ. ಇನ್ನೊಂದು: ಶುರು ಮಾಡುವ ಮುಂಚೆ ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿಕೊಳ್ಳಿ. ಅದು ಎಲ್ಲಿ ಬೇಕಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ಅತಿಥಿ ಬೇರೆ ಕಡೆ ಇದ್ದರೆ ವಿಡಿಯೋ ಕಾಲ್‌ನ ಆಡಿಯೋವನ್ನೇ ನೆಚ್ಚಿಕೊಳ್ಳಬೇಡಿ. ಕಾಲ್‌ನಲ್ಲಿ ದನಿಯನ್ನು ಹಿಂಡಿ ಕಳಿಸುತ್ತಾರೆ, ನೆಟ್‌ವರ್ಕ್ ಕೈಕೊಟ್ಟಾಗ ಪದಗಳೇ ಹಾರಿಹೋಗುತ್ತವೆ. ಮಾತಾಡೋದು ಕಾಲ್‌ನಲ್ಲೇ ಆಗಲಿ, ಆದರೆ ಇಬ್ಬರೂ ಅವರವರ ದನಿಯನ್ನು ಅವರವರ ಹತ್ತಿರವೇ ರೆಕಾರ್ಡ್ ಮಾಡಿಕೊಂಡು, ಆಮೇಲೆ ಅತಿಥಿ ತಮ್ಮ ಫೈಲ್ ಕಳಿಸಲಿ. ಶುರುವಿನಲ್ಲಿ ಇಬ್ಬರೂ ಒಟ್ಟಿಗೆ ಒಂದು ಚಪ್ಪಾಳೆ ಹೊಡೆದರೆ ಎರಡೂ ಫೈಲ್‌ನಲ್ಲಿ ಅದು ಚೂಪಾದ ಗೆರೆಯಾಗಿ ಕಾಣುತ್ತದೆ, ಆ ಗೆರೆಗಳನ್ನು ಹೊಂದಿಸಿದರೆ ಮಾತುಗಳೂ ಹೊಂದಿಕೊಳ್ಳುತ್ತವೆ. ಕೊನೆಯಲ್ಲೂ ಒಂದು ಚಪ್ಪಾಳೆ ಇರಲಿ. ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಮಾತುಕತೆ ಉದ್ದವಾದಷ್ಟೂ ಫೈಲ್‌ಗಳು ನಿಧಾನಕ್ಕೆ ಒಂದರಿಂದ ಒಂದು ಜಾರುತ್ತವೆ, ಆಗ ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಶುರುವಾದ ಹಾಗೆ ಕೇಳಿಸುತ್ತದೆ. ಎಷ್ಟು ಜಾರಿದೆ ಅಂತ ಆ ಕೊನೆಯ ಚಪ್ಪಾಳೆ ತೋರಿಸುತ್ತದೆ. ಹೆಡ್‌ಫೋನ್ ಇಬ್ಬರಿಗೂ ಬೇಕೇ ಬೇಕು, ಇಲ್ಲದಿದ್ದರೆ ಸ್ಪೀಕರ್‌ನಿಂದ ಬಂದ ನಿಮ್ಮ ದನಿ ಅವರ ಮೈಕ್‌ಗೂ ಹೋಗಿ ಕೂರುತ್ತದೆ.

ಎಡಿಟಿಂಗ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇದರಲ್ಲಿ ಕೈ ಪಳಗಿದವರ ಪಾಡ್‌ಕಾಸ್ಟ್ ಕೇಳಿದರೆ ಎಡಿಟ್ ಆಗಿದೆ ಅಂತಲೇ ಗೊತ್ತಾಗುವುದಿಲ್ಲ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್ ಸಾಕು. ಪರದೆಯ ಮೇಲೆ ದನಿಯನ್ನು ದೊಡ್ಡದು ಮಾಡಿ ನೋಡಿ. ಮಾತು ದೊಡ್ಡ ದೊಡ್ಡ ಗುಡ್ಡಗಳಾಗಿ ಕಾಣುತ್ತದೆ, ಪ್ರತಿ ಮಾತಿನ ಮುಂಚೆ ಒಂದು ಸಣ್ಣ ಉಬ್ಬು ಇರುತ್ತದೆ. ಅದು ಉಸಿರು. ಹೊಸಬರು ಆ ಉಬ್ಬುಗಳನ್ನೆಲ್ಲ ಸಾಲಾಗಿ ಕತ್ತರಿಸಿ ಹಾಕುತ್ತಾರೆ. ಆಗ ಏನಾಗುತ್ತದೆ ಗೊತ್ತಾ? ಮಾತಾಡುವವರು ಉಸಿರೇ ತೆಗೆಯದೆ ಮಾತಾಡಿದ ಹಾಗಾಗಿ, ಕೇಳುವವರಿಗೆ ಉಸಿರು ಕಟ್ಟುತ್ತದೆ. ತೀರಾ ಜೋರಾದ ಉಸಿರನ್ನು ಸ್ವಲ್ಪ ತಗ್ಗಿಸಿ, ಉಳಿದದ್ದನ್ನು ಬಿಡಿ. ಎರಡೆರಡು ಸಲ ಹೇಳಿದ್ದು, ದಾರಿ ತಪ್ಪಿದ ಮಾತು, ಪದೇ ಪದೇ ಬರುವ ‘ಆ... ಅಂದರೆ...’ ತೆಗೆಯಿರಿ. ತೆಗೆದ ಜಾಗದಲ್ಲಿ ಪೂರ್ತಿ ನಿಶ್ಶಬ್ದ ಬಂದರೆ ಕಿವಿಗೆ ಹಳ್ಳಕ್ಕೆ ಬಿದ್ದಂತಾಗುತ್ತದೆ, ಅಲ್ಲಿಗೆ ಆ ಅರ್ಧ ನಿಮಿಷದ ಕೋಣೆಯ ಮೌನ ತಂದು ಹಾಕಿ. ಕಷ್ಟದ ಪ್ರಶ್ನೆ ಕೇಳಿದಾಗ ಅತಿಥಿ ಸುಮ್ಮನಾಗಿ, ಯೋಚಿಸಿ, ಆಮೇಲೆ ಉತ್ತರ ಕೊಡುತ್ತಾರಲ್ಲ, ಆ ಮೌನಕ್ಕೆ ಮಾತ್ರ ಕತ್ತರಿ ಹಾಕಬೇಡಿ. ಅದೂ ಉತ್ತರದ ಭಾಗವೇ.

ಕೊನೆಗೆ ದನಿಯ ಒಟ್ಟು ಜೋರು. ಇದನ್ನು ಅಳೆಯಲು ಎಲ್‌ಯುಎಫ್‌ಎಸ್ ಅಂತ ಒಂದು ಮಾಪನ ಇದೆ. ಆಪಲ್ ಹೇಳುವುದು ಮೈನಸ್ 16ರ ಸುತ್ತ ಇಟ್ಟುಕೊಳ್ಳಿ, ಒಂದು ಆಚೀಚೆ ಆದರೆ ಪರವಾಗಿಲ್ಲ, ಅತಿ ಎತ್ತರದ ಸದ್ದು ಮೈನಸ್ 1 ಡೆಸಿಬೆಲ್ ದಾಟದಿರಲಿ ಅಂತ. ಒಂದು ಪಾಡ್‌ಕಾಸ್ಟ್ ಮುಗಿದು ಇನ್ನೊಂದು ಶುರುವಾದಾಗ ಕೇಳುಗರು ಬೆಚ್ಚಿಬಿದ್ದು ವಾಲ್ಯೂಮ್ ಕಮ್ಮಿ ಮಾಡುವ ಹಾಗಾಗಬಾರದು, ಅದಕ್ಕೆ ಇಷ್ಟೆಲ್ಲ. ಎಂಪಿ3 ಮಾಡುವಾಗ ಬರೀ ಮಾತಿನ ಕಾರ್ಯಕ್ರಮಕ್ಕೆ ಮೋನೋ (ಒಂದೇ ಚಾನೆಲ್), 64 ಕೆಬಿಪಿಎಸ್ (ಒಂದು ಸೆಕೆಂಡಿನ ದನಿಗೆ ಎಷ್ಟು ಡೇಟಾ ಅನ್ನೋ ಅಳತೆ) ಸಾಕು ಅನ್ನೋದು ನನ್ನ ಅಭಿಪ್ರಾಯ. 128ರಲ್ಲಿ ಒಂದು ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ ಆಗುತ್ತದೆ, 64ರಲ್ಲಿ ಅದರ ಅರ್ಧ. ಒಂದು ಗಂಟೆಯ ಎಪಿಸೋಡ್‌ಗೆ ಸುಮಾರು 30 ಎಂಬಿ ಉಳಿಯುತ್ತದೆ. ಡೇಟಾ ನೋಡಿಕೊಂಡು ಬಳಸುವವರಿಗೆ ಇದು ಸಣ್ಣ ಲೆಕ್ಕ ಅಲ್ಲ.

ಫೈಲ್ ರೆಡಿ ಆಯಿತು, ಈಗ ಇಡೋದೆಲ್ಲಿ? ಹೊಸ ಎಪಿಸೋಡ್ ಬಂದ ತಕ್ಷಣ ಎಲ್ಲರ ಆ್ಯಪ್‌ಗಳೂ ಒಟ್ಟಿಗೇ ಮುಗಿಬೀಳುತ್ತವೆ, ಸಾಮಾನ್ಯ ವೆಬ್‌ಸೈಟ್ ಅದನ್ನು ತಡೆದುಕೊಳ್ಳುವುದು ಕಷ್ಟ. ಹಾಗಾಗಿ ಹೆಚ್ಚಿನವರು ಪಾಡ್‌ಕಾಸ್ಟ್ ಹೋಸ್ಟಿಂಗ್ ಕಂಪನಿಗಳ ಹತ್ತಿರ ಹೋಗುತ್ತಾರೆ. ಆಡಿಯೋ ಇಟ್ಟುಕೊಳ್ಳುವುದೂ ಅವರೇ, ಫೀಡ್ ಬರೆದುಕೊಡುವುದೂ ಅವರೇ. ತಲೆಬರಹದ ಪ್ರಶ್ನೆ ಬರುವುದು ಇಲ್ಲಿ. ಸೇರುವ ಮುಂಚೆ ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಫೀಡ್ ವಿಳಾಸ ನನ್ನ ಸ್ವಂತ ಡೊಮೇನ್ ಹೆಸರಿನಲ್ಲಿ (ನಾನೇ ಕೊಂಡ ವೆಬ್ ಹೆಸರಿನಲ್ಲಿ) ಇರಬಹುದಾ? ನಾನು ನಾಳೆ ನಿಮ್ಮನ್ನು ಬಿಟ್ಟು ಹೋದರೆ ಹಳೇ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿಕೊಡುತ್ತೀರಾ? ಮನೆ ಬಿಟ್ಟು ಹೋಗುವಾಗ ಹಳೇ ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸುವ ಹಾಗೆ ಇದು. ಆ್ಯಪ್ ಆ ಚೀಟಿ ಓದಿಕೊಂಡು ಹೊಸ ಕಡೆಗೆ ಹೋಗುತ್ತದೆ, ಕೇಳುಗರು ಏನೂ ಮಾಡಬೇಕಾಗಿಲ್ಲ. ಎರಡನೇ ಪ್ರಶ್ನೆಗೆ ಇಲ್ಲ ಅಂದರೆ ಅಲ್ಲಿಗೆ ಹೋಗಬೇಡಿ, ಎಷ್ಟೇ ಪುಕ್ಕಟೆ ಇರಲಿ. ನಾನು ಬಿಡದೆ ಕೇಳುತ್ತಿದ್ದ ಒಂದು ಪಾಡ್‌ಕಾಸ್ಟ್ ಹೀಗೇ ಕಾಣೆಯಾಯಿತು. ಇಟ್ಟುಕೊಂಡಿದ್ದ ಪುಕ್ಕಟೆ ಸೇವೆ ಬಾಗಿಲು ಮುಚ್ಚಿತು, ಚೀಟಿ ಅಂಟಿಸುವವರು ಯಾರೂ ಇರಲಿಲ್ಲ. ಮಾಡುತ್ತಿದ್ದವರು ಹೊಸ ಜಾಗದಲ್ಲಿ ಮತ್ತೆ ಶುರು ಮಾಡಿದ್ದರು, ಅದು ನನಗೆ ಗೊತ್ತಾಗಿದ್ದು ಬಹಳ ಕಾಲದ ಮೇಲೆ. ಎಷ್ಟು ಜನಕ್ಕೆ ಗೊತ್ತೇ ಆಗಲಿಲ್ಲವೋ.

ಒಂದೇ ಆ್ಯಪ್‌ನಲ್ಲಿ ಮಾತ್ರ ಸಿಗುವ ಕಾರ್ಯಕ್ರಮಗಳೂ ಇವೆ. 2020ರಲ್ಲಿ ಜೋ ರೋಗನ್ ಅವರ ಬಹಳ ದೊಡ್ಡ ಪಾಡ್‌ಕಾಸ್ಟ್ ಹೀಗೆ ಸ್ಪಾಟಿಫೈ ಅನ್ನೋ ಆ್ಯಪ್ ಒಳಗೆ ಹೋಯಿತು, 2024ರಲ್ಲಿ ಹೊಸ ಒಪ್ಪಂದ ಆಗಿ ಮತ್ತೆ ಬೇರೆ ಕಡೆಗಳಲ್ಲೂ ಸಿಗುವಂತಾಯಿತು. ಯೂಟ್ಯೂಬ್‌ನಲ್ಲಿ ವಿಡಿಯೋ ಹಾಕುವುದರ ಬಗ್ಗೆ ನನ್ನ ತಕರಾರಿಲ್ಲ, ಹೊಸಬರು ನಿಮ್ಮನ್ನು ಕಂಡುಕೊಳ್ಳೋದು ಅಲ್ಲೇ ಸುಲಭ. ಆದರೆ ಅಲ್ಲಿ ಸಬ್‌ಸ್ಕ್ರೈಬ್ ಆದವರಿಗೆಲ್ಲ ನಿಮ್ಮ ಹೊಸ ವಿಡಿಯೋ ಕಾಣಿಸೇ ಕಾಣಿಸುತ್ತದೆ ಅನ್ನೋ ಭರವಸೆ ಇಲ್ಲ. ಅಲ್ಲೂ ಹಾಕಿ, ಫೀಡ್ ಮಾತ್ರ ಬಿಡಬೇಡಿ. ಗೂಗಲ್ 2018ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಅಂತ ಆ್ಯಪ್ ತಂದು 2024ರಲ್ಲಿ ಮುಚ್ಚಿತು. ಆ್ಯಪ್ ಹೋಯಿತು, ಅದರಲ್ಲಿ ಬರುತ್ತಿದ್ದ ಪಾಡ್‌ಕಾಸ್ಟ್‌ಗಳು ಅದರಿಂದ ನಿಲ್ಲಲಿಲ್ಲ. ಫೀಡ್‌ಗಳು ಇದ್ದಲ್ಲೇ ಇದ್ದವು, ಜನ ತಮ್ಮ ಪಟ್ಟಿ ತಗೊಂಡು ಬೇರೆ ಆ್ಯಪ್‌ಗೆ ಹೋದರು.

ಎಷ್ಟು ಜನ ಕೇಳಿದರು ಅನ್ನೋ ಲೆಕ್ಕದ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಹೋಸ್ಟಿಂಗ್‌ನವರು ತೋರಿಸುವುದು ಡೌನ್‌ಲೋಡ್. ಐಎಬಿ ಅನ್ನೋ ಜಾಹೀರಾತು ಸಂಸ್ಥೆಯ ನಿಯಮದ ಪ್ರಕಾರ ಕನಿಷ್ಠ ಒಂದು ನಿಮಿಷದಷ್ಟು ಆಡಿಯೋ ಇಳಿದಿರಬೇಕು, 24 ಗಂಟೆಯೊಳಗೆ ಅದೇ ಕಡೆಯಿಂದ, ಅದೇ ಆ್ಯಪ್‌ನಿಂದ ಮತ್ತೆ ಬಂದರೆ ಲೆಕ್ಕಕ್ಕಿಲ್ಲ. ಇಳಿದದ್ದನ್ನು ಕೇಳಿದರೋ ಇಲ್ಲವೋ ಅದು ಹೇಳುವುದಿಲ್ಲ. 2023ರಲ್ಲಿ ಐಫೋನ್‌ನ ಹೊಸ ಸಾಫ್ಟ್‌ವೇರ್ ಐಒಎಸ್ 17 ಬಂದಾಗ ಆಪಲ್‌ನ ಆ್ಯಪ್, ಬಹಳ ದಿನ ಕೇಳದೆ ಬಿಟ್ಟವರು ವಾಪಸ್ ಬಂದಾಗ ತಪ್ಪಿಹೋದ ಎಪಿಸೋಡ್‌ಗಳನ್ನೆಲ್ಲ ತಾನಾಗಿ ಇಳಿಸಿಡುವುದನ್ನು ನಿಲ್ಲಿಸಿತು. ಎಷ್ಟೋ ಪಾಡ್‌ಕಾಸ್ಟ್‌ಗಳ ಸಂಖ್ಯೆ ಕುಸಿಯಿತು, ಕೇಳುವವರು ಮಾತ್ರ ಹಿಂದೆ ಇದ್ದಷ್ಟೇ ಇದ್ದರು.

ಹೊಸ ಎಪಿಸೋಡ್ ಹಾಕುವಾಗ ಮಾತುಗಳ ಬರಹರೂಪವನ್ನೂ ಜತೆಗೆ ಕೊಡಿ. ಪಾಡ್‌ಕಾಸ್ಟ್ ಇಂಡೆಕ್ಸ್‌ನವರು ಸೇರಿಸಿದ ‘ಟ್ರಾನ್ಸ್‌ಕ್ರಿಪ್ಟ್’ ಅನ್ನೋ ಸಾಲು ಫೀಡ್‌ನಲ್ಲಿ ಈಗ ಹಾಕಬಹುದು. ಆಪಲ್ 2024ರ ಮಾರ್ಚ್‌ನಲ್ಲಿ ತಾನಾಗಿಯೇ ಬರಹ ಮಾಡಿಕೊಡಲು ಶುರು ಮಾಡಿತು, ಆದರೆ ಶುರುವಿನಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಈ ನಾಲ್ಕೇ ಭಾಷೆಗೆ. ಬೇರೆ ಭಾಷೆಯಲ್ಲಿ ಮಾಡುವವರು ಇದಕ್ಕೆ ಕಾಯುತ್ತಾ ಕೂರಬಾರದು. ಕಿವಿ ಕೇಳಿಸದವರೂ ನಿಮ್ಮ ಅತಿಥಿ ಹೇಳಿದ್ದನ್ನು ಓದಲಿ.

ಇನ್ನು ನೀವು ಬರೀ ಕೇಳುಗರಾಗಿದ್ದರೆ, ನಿಮ್ಮ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಎಕ್ಸ್‌ಪೋರ್ಟ್ ಅಥವಾ ಓಪಿಎಂಎಲ್ ಅಂತ ಇದೆಯಾ ನೋಡಿ. ಒತ್ತಿದರೆ ನೀವು ಸಬ್‌ಸ್ಕ್ರೈಬ್ ಆಗಿರುವ ಎಲ್ಲ ಫೀಡ್‌ಗಳ ವಿಳಾಸ ಇರುವ ಪುಟ್ಟ ಫೈಲ್ ಸಿಗುತ್ತದೆ. ಆಂಟೆನಾಪಾಡ್, ಪಾಕೆಟ್ ಕಾಸ್ಟ್ಸ್, ಓವರ್‌ಕಾಸ್ಟ್ ಮೂರರಲ್ಲೂ ಇದು ಇದೆ. ಆ ಫೈಲನ್ನು ಬೇರೆ ಆ್ಯಪ್‌ಗೆ ಹಾಕಿದರೆ ನಿಮ್ಮ ಪಾಡ್‌ಕಾಸ್ಟ್‌ಗಳೆಲ್ಲ ಅಲ್ಲಿಗೆ ಬಂದುಬಿಡುತ್ತವೆ. ನಿಮ್ಮ ಆ್ಯಪ್‌ನಲ್ಲಿ ಆ ಆಯ್ಕೆ ಇಲ್ಲ ಅಂದರೆ ಈಗಲೇ ಬೇರೆ ಆ್ಯಪ್ ನೋಡಿಕೊಳ್ಳಿ. ಪಟ್ಟಿ ಚಿಕ್ಕದಿರುವಾಗ ಒಂದೊಂದಾಗಿ ಹುಡುಕಿ ಸೇರಿಸುವುದು ಸುಲಭ.